ಎತ್ತಿ ಕುಡಿದ ನೀರು

ಕಾಲು ಮುರಿದವರಿಗೆ ಜನ ಹಾದಿ ಬಿಡುತ್ತಾರೆ. ಜ್ವರ ಬಂದವರ ಹಣೆ ಮುಟ್ಟಿ ನೋಡುತ್ತಾರೆ. ತಲೆ ತಿರುಗುತ್ತದೆ ಎಂದವರ ಮುಖವನ್ನು ಮಾತ್ರ ಒಮ್ಮೆ ನೋಡಿ, ಆಮೇಲೆ ತಮ್ಮತಮ್ಮ ಮುಖ ನೋಡಿಕೊಳ್ಳುತ್ತಾರೆ. ತೋರಿಸಲಿಕ್ಕೆ ಗಾಯವಿಲ್ಲ, ಮುಟ್ಟಿಸಲಿಕ್ಕೆ ಬಿಸಿಯಿಲ್ಲ. ಗೋಡೆ ತಿರುಗುವುದು ನನ್ನ ಕಣ್ಣಿಗೆ. ಉಳಿದವರ ಕಣ್ಣಿಗೆ ಅದು ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ಸುಳ್ಳು ಹೇಳುತ್ತಿರುವವಳು ನಾನೇ ಆಗಬೇಕು.

ಈಗ ಪರವಾಗಿಲ್ಲ. ಪೂರ್ತಿ ಹೋಗಿಲ್ಲ, ಆದರೆ ಅದರ ಜೊತೆ ಬಾಳುವುದನ್ನು ಕಲಿತಿದ್ದೇನೆ. ನಮ್ಮ ಓಣಿಯ ಇಬ್ಬರು ಹೆಂಗಸರು ತಮಗೂ ಹೀಗೆ ಆಗುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳಿ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡು ಹೋದರು. ಅವರ ಹೆಸರು ನಾನು ಹೇಳುವುದಿಲ್ಲ. ಆದರೆ ನನ್ನ ಕಥೆ ನನ್ನದು, ಅದನ್ನು ಹೇಳಲಿಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಿಜಾಮನ ಕಾಲದಲ್ಲಿ ಊರ ಶಾಲೆಯಲ್ಲಿ ಬರೀ ಉರ್ದು ಇದ್ದಾಗ, ನನ್ನ ತಂದೆ ಮಠದಲ್ಲಿ ಪಾಠ ಹೇಳುತ್ತಿದ್ದ ಐಗಳ ಕಾಲು ಹಿಡಿದು ನನಗೆ ಕನ್ನಡ ಕಲಿಸಿದ್ದರು. ಇಷ್ಟು ವರ್ಷ ಅದರಿಂದ ಪುರಾಣ ಓದಿದ್ದಾಯಿತು, ಈಗ ಹೊಟ್ಟೆಯಲ್ಲಿರುವುದನ್ನು ಬರೆಯುತ್ತೇನೆ.

ನಾನು ಗುರುಬಸಮ್ಮ. ಶಹಾಪುರದಲ್ಲಿ ನಮ್ಮದು ಕಾಳುಕಡಿ ಅಂಗಡಿಯ ಮನೆ. ನನ್ನ ಯಜಮಾನರು ಶರಣಪ್ಪ, ಒಬ್ಬನೇ ಮಗ ಮಲ್ಲಣ್ಣ, ಸೊಸೆ ಸುರಪುರದ ನೀಲಮ್ಮ. ನಾನು ಹೇಳುತ್ತಿರುವುದು ನಿಜಾಮನ ರಾಜ್ಯ ಹೋಗಿ, ನಾವು ಮೈಸೂರಿಗೆ ಇನ್ನೂ ಸೇರದೆ ನಡುವೆ ನಿಂತಿದ್ದ ಕಾಲದ ಮಾತು. ಅಂಗಡಿಯ ಕಟ್ಟೆಯ ಮೇಲೆ ಗಂಡಸರು ಬೆಳಗಿನಿಂದ ಸಂಜೆಯವರೆಗೆ ಏಕೀಕರಣದ ಮಾತಾಡುತ್ತಿದ್ದರು. ಕನ್ನಡ ನಾಡೆಲ್ಲ ಒಂದೇ ಸೂರಿನಡಿ ಬರಬೇಕು ಎಂದು ಯಜಮಾನರು ಸಭೆಗಳಿಗೆ ಹೋಗಿ ಗಂಟಲು ಹರಿದುಕೊಂಡು ಬರುತ್ತಿದ್ದರು, ನಾನು ಅವರಿಗೆ ಮೆಣಸಿನ ಕಷಾಯ ಮಾಡಿಕೊಡುತ್ತಿದ್ದೆ.

ನನ್ನ ಆರೋಗ್ಯದ ಬಗ್ಗೆ ನನಗೆ ಸೊಕ್ಕಿತ್ತು. ಅರವತ್ತರ ಹತ್ತಿರ ಬಂದರೂ ಒಂದು ಹಲ್ಲು ಬಿದ್ದಿರಲಿಲ್ಲ. ಕೋಳಿ ಕೂಗುವ ಮೊದಲು ಏಳುವುದು, ಹಿಂದಿನ ಸಂಜೆ ತಾಮ್ರದ ತಂಬಿಗೆಯಲ್ಲಿ ತುಂಬಿಟ್ಟ ನೀರನ್ನು ಬರಿ ಹೊಟ್ಟೆಯಲ್ಲಿ ಕುಡಿಯುವುದು, ಕೆರೆಯ ಏರಿಯವರೆಗೆ ನಡೆದು ಬರುವುದು, ಬೇವಿನ ಕಡ್ಡಿ, ತಣ್ಣೀರ ಸ್ನಾನ, ಲಿಂಗಪೂಜೆ, ಆಮೇಲೆ ಬಿಸಿ ರೊಟ್ಟಿ. ದೀಪ ಹಚ್ಚಿದ ಮೇಲೆ ಅನ್ನ ಮುಟ್ಟುತ್ತಿರಲಿಲ್ಲ. ಓಣಿಯ ಹೆಂಗಸರು ಸೊಂಟ ಹಿಡಿದುಕೊಂಡು ಕುಳಿತಾಗ ನಾನು ನನ್ನ ತಂಬಿಗೆ ನೀರಿನ ಮಹಿಮೆಯನ್ನು ಅವರಿಗೆ ಕೇಳಿಸುತ್ತಿದ್ದೆ. ಅವರು ಕೇಳಿಸಿಕೊಂಡು ಹೋಗಿ ಚಹಾ ಕುಡಿಯುತ್ತಿದ್ದರು.

ನಮ್ಮ ಮನೆಯಲ್ಲಿ ತಂಬಿಗೆಗೆ ಬಾಯಿ ಹಚ್ಚುವ ಪದ್ಧತಿ ಇಲ್ಲ. ಎತ್ತಿ ಕುಡಿಯಬೇಕು. ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಗೇಣು ಎತ್ತರದಿಂದ ಧಾರೆ ಬಿಡಬೇಕು, ಒಂದು ಹನಿ ಎದೆಯ ಮೇಲೆ ಬೀಳಬಾರದು. ಕಚ್ಚಿ ಕುಡಿದರೆ ಎಂಜಲು. ನಾನು ಮದುವೆಯಾಗಿ ಬಂದಾಗ ನನ್ನ ಅತ್ತೆ ನನ್ನನ್ನು ಪರೀಕ್ಷೆ ಮಾಡಿದ್ದು ರೊಟ್ಟಿ ಬಡಿಯುವುದರಲ್ಲಲ್ಲ, ನೀರು ಕುಡಿಯುವುದರಲ್ಲಿ. ನೀಲಮ್ಮ ಬಂದಾಗ ನಾನೂ ಅದನ್ನೇ ನೋಡಿದೆ. ಅವಳು ಚೆಂದ ಕುಡಿದಳು.

ಇನ್ನೊಂದು ಹೆಮ್ಮೆ ನನಗಿತ್ತು, ಅದು ಕೂಸುಗಳಿಗೆ ಎರೆಯುವುದು. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಎರಡು ಕಾಲಿನ ನಡುವೆ ಕೂಸನ್ನು ಮಲಗಿಸಿ, ಔಡಲೆಣ್ಣೆ ತಿಕ್ಕಿ, ಹಣೆಗೆ ಅಂಗೈ ಅಡ್ಡ ಹಿಡಿದು ನೀರು ಹಾಕಿದರೆ ನನ್ನ ಕೈಯಲ್ಲಿ ಯಾವ ಕೂಸೂ ಉಸಿರು ಕಟ್ಟಿ ಅತ್ತಿದ್ದಿಲ್ಲ. ನನ್ನ ಮಗನಿಗೆ ನಾನೇ ಎರೆದೆ. ಓಣಿಯ ಅರ್ಧ ಮಕ್ಕಳಿಗೆ ಎರೆದೆ. ಆದರೆ ಮೊಮ್ಮಗು ಬೇರೆ ಮಾತು. ನೀಲಮ್ಮ ಚಿಕ್ಕವಳಿದ್ದಾಗಲೇ ಅವಳ ತಾಯಿ ತೀರಿಕೊಂಡಿದ್ದರಿಂದ ಹೆರಿಗೆ ನಮ್ಮಲ್ಲೇ ಆಗಬೇಕಿತ್ತು. ಗರ್ಭ ನಿಂತ ಸುದ್ದಿ ಹೇಳುವಾಗ ಅವಳೇ ನನ್ನ ಕೈ ಹಿಡಿದು ಅಂದಿದ್ದಳು, “ನನಗ ಅವ್ವಿಲ್ಲ ಅತ್ತಿ. ಕೂಸಿಗಿ ನೀವೇ ಎರೀಬೇಕು.”

ಆ ಮಾತು ನನ್ನ ಕೈಗೆ ಬಂಗಾರದ ಬಿಲ್ವಾರ ತೊಡಿಸಿದ ಹಾಗಾಯಿತು. ಅಂದಿನಿಂದ ಹಳೆಯ ಸೀರೆಗಳನ್ನು ಹರಿದು ತೊಳೆದು ಮಡಿಸಿಡತೊಡಗಿದೆ.

ಆಮೇಲೆ ಕೆಲವೇ ದಿನಕ್ಕೆ, ಒಂದು ಮುಂಜಾನೆ ಪಡಸಾಲೆಯಲ್ಲಿ ನಿಂತು ತಂಬಿಗೆ ಎತ್ತಿದೆ. ನಾಲ್ಕು ಗುಟುಕು ಹೋಗಿರಬೇಕು. ತೊಲೆ ನನ್ನ ಮೇಲಿಂದ ಹೊರಟು ಎಡಕ್ಕೆ ಹೋಯಿತು, ಹಿಂದೆಯೇ ಗೋಡೆ, ಅದರ ಹಿಂದೆ ಬಾಗಿಲು. ತಂಬಿಗೆ ಇಟ್ಟೆನೋ ಬಿಟ್ಟೆನೋ ಗೊತ್ತಿಲ್ಲ. ನೆಲ ಹಿಡಿದುಕೊಂಡು ಮಲಗಿದೆ, ನೆಲವೂ ತಿರುಗುತ್ತಿತ್ತು. ಕುಡಿದದ್ದೆಲ್ಲ ವಾಂತಿಯಾಯಿತು. ಹೆಂಚಿನ ಮೇಲೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು ಇತ್ತು, ಆಮೇಲೆ ಏನೂ ಆಗಿಯೇ ಇಲ್ಲ ಎನ್ನುವಂತೆ ಮನೆ ತನ್ನ ಜಾಗಕ್ಕೆ ಬಂದು ನಿಂತಿತು. ಸಾಯುತ್ತಿದ್ದೇನೆ ಎಂದುಕೊಂಡಿದ್ದೆ. ಭಯ ಅಂದರೆ ಏನೆಂದು ನನಗೆ ಅಂದು ತಿಳಿಯಿತು. ರಜಾಕಾರರು ಬಂದರು ಎಂದು ಊರಿಗೂರೇ ಬಾಗಿಲು ಹಾಕಿಕೊಂಡ ದಿನಗಳಲ್ಲೂ ನಾನು ಅಷ್ಟು ಹೆದರಿರಲಿಲ್ಲ, ಯಾಕೆಂದರೆ ಆಗ ಕಾಲ ಕೆಳಗಿನ ನೆಲ ನೆಲವಾಗಿತ್ತು.

ಯಜಮಾನರು ನಮ್ಮ ಓಣಿಯ ವೈದ್ಯರನ್ನು ಕರೆಸಿದರು. ಅವರು ನಾಡಿ ಹಿಡಿದು ಕಣ್ಣು ಮುಚ್ಚಿ ಹೇಳಿದರು, “ಪಿತ್ತ ನೆತ್ತಿಗಿ ಏರ್ಯಾದ. ಮುಂಜಾನಿ ಬರಿ ಹೊಟ್ಟಿಲೆ ನೀರು ಕುಡೀತೀರಿ?”

“ದಿನಾ ಒಂದು ತಂಬಿಗಿ ಕುಡೀತೀನ್ರಿ.”

“ಸಾಲಂಗಿಲ್ಲ. ಎರಡು ಕುಡೀರಿ.”

ಕುಡಿದೆ. ಒಂದು ತಂಬಿಗೆಗೆ ಮನೆ ತಿರುಗುತ್ತಿತ್ತು, ಎರಡಕ್ಕೆ ಓಣಿಯೂ ತಿರುಗಿತು. ನೀರು ಕುಡಿದ ಮೇಲೆ ತಿರುಗುತ್ತದೆ ಎಂದು ಹೇಳಿದರೆ, “ಪಿತ್ತ ಕೆಳಗಿಳಿಯಾಕತ್ತದ, ಅದಕ್ಕ ಹಂಗ” ಎಂದರು. ಇದಕ್ಕೆ ಏನು ಉತ್ತರ ಕೊಡುತ್ತೀರಿ? ಜೀರಿಗೆ ಕಷಾಯ, ನೆಲ್ಲಿಕಾಯಿ, ನೆತ್ತಿಗೆ ಔಡಲೆಣ್ಣೆ, ದೇವರಿಗೆ ಹರಕೆ, ಎಲ್ಲ ಆಯಿತು. ಅವರು ಹೇಳಿದ್ದರಲ್ಲಿ ನಾನು ಒಂದನ್ನೂ ತಪ್ಪಿಸಲಿಲ್ಲ. ನೇಮ ಬಿಡಬಾರದು ಎಂಬ ಹಟದಲ್ಲಿ ಆ ನೀರನ್ನು ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಕಂಬ ಹಿಡಿದು ಕುಡಿಯುತ್ತಿದ್ದೆ. ಕಂಬ ಹಿಡಿದು ವಿಷ ಕುಡಿದವರುಂಟೇ ಎಂದು ಈಗ ನಗು ಬರುತ್ತದೆ.

ಕೆರೆಯ ಏರಿಗೆ ಹೋಗುವುದನ್ನೂ ಬಿಡಲಿಲ್ಲ. ಓಣಿಯ ಗೋಡೆಗಳನ್ನು ಸವರಿಕೊಂಡು ನಡೆಯುತ್ತಿದ್ದೆ. ಒಂದು ದಿನ ಹಕ್ಕಿ ಕೂಗಿತೆಂದು ಮರದ ಕಡೆ ಕತ್ತೆತ್ತಿ ನೋಡಿ ಅಲ್ಲೇ ಕುಸಿದೆ. ಸಾಹುಕಾರನ ಹೆಂಡತಿ ಮುಂಜಾನೆಯೇ ಶಿಂದಿ ಕುಡಿದು ಬಿದ್ದಿದ್ದಾಳೆ ಎಂದು ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತು. ಯಜಮಾನರು ನಂಬಲಿಲ್ಲ. ಆದರೆ ನನ್ನ ಬಾಯಿಯ ಹತ್ತಿರ ಬಂದು ಒಮ್ಮೆ ಮೂಸಿದರು. ನಾಲ್ವತ್ತು ವರ್ಷ ಅವರ ಮನೆ ನಡೆಸಿದವಳನ್ನು ಮೂಸಿ ನೋಡಿದರು. ಇದನ್ನು ಅವರು ಮರೆತಿರಬಹುದು, ನಾನು ಮರೆಯುವುದಿಲ್ಲ.

ಪಕ್ಕದ ಮನೆಯ ಶಾಂತವ್ವ ನನ್ನ ಆರೋಗ್ಯ ವಿಚಾರಿಸಲು ಬಂದು, ಹೊರಗೆ ಹೋಗುತ್ತ ಬಾಗಿಲಲ್ಲಿ ಇನ್ನೊಬ್ಬಳಿಗೆ ಹೇಳಿದ ಮಾತು ನನಗೆ ಕೇಳಿಸಿತು. “ಸೊಸಿ ಬಸರಾಗ್ಯಾಳ, ಎಲ್ಲರ ಕಣ್ಣು ಆಕಿ ಮ್ಯಾಲ ಅದ. ಅತ್ತಿಗಿ ಚಕ್ಕರ್ ಬರಲಾರ್ದ ಏನ್ ಮಾಡ್ತದ?”

ನನ್ನ ಕಿವಿ ಚೆನ್ನಾಗಿಯೇ ಕೇಳುತ್ತದೆ. ರೋಗ ಆ ಕಿವಿಯಲ್ಲೇ ಇತ್ತು ಅನ್ನುವುದು ಆಗ ಗೊತ್ತಿರಲಿಲ್ಲ.

ಕೆಟ್ಟದ್ದು ಆದದ್ದು ನೀಲಮ್ಮನಿಗೆ ಏಳು ತಿಂಗಳು ತುಂಬಿದಾಗ. ಅಡುಗೆಮನೆಯ ತೊಲೆಗೆ ಒಂದು ನೆಲುವು ತೂಗುಬಿಟ್ಟಿದ್ದೇವೆ, ಬೆಕ್ಕಿಗೆ ಸಿಗದಂತೆ ಬೆಣ್ಣೆಯನ್ನು ಅದರಲ್ಲಿ ಇಡುತ್ತೇವೆ. ನೀಲಮ್ಮ ಒಲೆಯ ಹತ್ತಿರ ಕುಳಿತು ರೊಟ್ಟಿ ಮಾಡುತ್ತಿದ್ದಳು. ಅವಳ ರೊಟ್ಟಿಗೆ ಬೆಣ್ಣೆ ಹಾಕೋಣವೆಂದು ನಾನು ಕತ್ತೆತ್ತಿ ನೆಲುವಿಗೆ ಕೈ ಹಾಕಿದೆ. ತೊಲೆ ಹೊರಟಿತು. ಹಿಡಿಯಲಿಕ್ಕೆ ಸಿಕ್ಕಿದ್ದು ಒಲೆಯ ಮೇಲೆ ಕುದಿಯುತ್ತಿದ್ದ ಬೇಳೆಕಟ್ಟಿನ ಗಡಿಗೆ. ಗಡಿಗೆ ಉರುಳಿ ಕಟ್ಟು ನೆಲದ ಮೇಲೆಲ್ಲ ಹರಿಯಿತು. ನೀಲಮ್ಮನಿಗೆ ಒಂದು ಹನಿಯೂ ತಾಗಲಿಲ್ಲ, ನನ್ನ ಮುಂಗೈ ಸುಟ್ಟಿತು. ಆದರೆ ಅವಳ ಎರಡು ಕೈಗಳೂ ಹೊಟ್ಟೆಯ ಮೇಲೆ ಹೋಗಿದ್ದನ್ನು ನಾನು ಬಿದ್ದಲ್ಲಿಂದಲೇ ನೋಡಿದೆ. ಅವಳು ನನ್ನನ್ನು ನೋಡುತ್ತಿದ್ದ ರೀತಿಯನ್ನೂ ನೋಡಿದೆ. ಅತ್ತೆಯನ್ನು ನೋಡುವ ಕಣ್ಣಲ್ಲ ಅದು, ಹಾಯುವ ಎಮ್ಮೆಯನ್ನು ನೋಡುವ ಕಣ್ಣು.

ಹೆಣ್ಣು ಕೂಸು ಹುಟ್ಟಿತು. ಹೆಸರು ಪಾರ್ವತಿ, ಕರೆಯುವುದು ಪಾರಿ. ನಾನು ಮಡಿಸಿಟ್ಟ ಸೀರೆ ತುಂಡುಗಳನ್ನು ತೆಗೆದು, ಔಡಲೆಣ್ಣೆ ಬೆಚ್ಚಗೆ ಮಾಡಿ, ಹಂಡೆಗೆ ಬೆಂಕಿ ಹಾಕಿ, ಸೀರೆ ಮೊಣಕಾಲಿನವರೆಗೆ ಎತ್ತಿಕಟ್ಟಿ ಬಚ್ಚಲಲ್ಲಿ ಮಣೆ ಹಾಕುತ್ತಿದ್ದೆ. ಮಲ್ಲಣ್ಣ ಬಂದು ಬಾಗಿಲಲ್ಲಿ ನಿಂತ.

“ಅವ್ವಾ, ಹಣಮವ್ವಗ ಹೇಳೀನಿ. ಆಕಿ ಬಂದು ಎರೀತಾಳ.”

“ಯಾಕ, ನಾ ಸತ್ತೀನೇನು?”

“ಹಂಗ್ಯಾಕ ಅಂತೀ. ನಿನಗ ಆರಾಮಿಲ್ಲ. ನೀ ಸುಮ್ನ ಕುಂದ್ರು.”

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವನು ಮೆತ್ತಗೆ ಹೇಳಿದ. ಹಣಮವ್ವ ಎರಡು ಓಣಿಯಾಚೆ ಇರುವವಳು, ಮನೆಮನೆಗೆ ಹೋಗಿ ಕೂಸುಗಳಿಗೆ ನೀರು ಹಾಕುವವಳು. ನಾನು ಹಾಕಿದ ಮಣೆಯ ಮೇಲೆ, ನಾನು ಕಾಯಿಸಿದ ನೀರಿನಿಂದ ಅವಳು ಎರೆದಳು. ನಾನು ಗೋಡೆಯ ಈಚೆ ಕುಳಿತು ಕೇಳಿದೆ. ಅವಳು ಹಣೆಗೆ ಅಂಗೈ ಅಡ್ಡ ಇಡುತ್ತಿರಲಿಲ್ಲ. ಕೂಸಿನ ಅಳು ನಡುವೆ ಕಟ್ಟಿ, ಮತ್ತೆ ಚೀರಿ ಬರುತ್ತಿದ್ದುದರಿಂದಲೇ ಗೊತ್ತಾಗುತ್ತಿತ್ತು.

“ಹಣೀಗಿ ಕೈ ಅಡ್ಡ ಹಿಡಿ,” ಎಂದೆ ಗೋಡೆಯಾಚೆಗೆ.

“ಹಿಡದೀನ್ರಿ ಸಾವ್ಕಾರ್ತಿ, ನೀವು ಆರಾಮ ಕುಂದ್ರಿ,” ಎಂದಳು ಹಣಮವ್ವ.

ದಿನವೂ ಹಾಗೆಯೇ. ಕೂಸನ್ನು ಎತ್ತಿಕೊಳ್ಳಲಿಕ್ಕೂ ಕೊಡುತ್ತಿರಲಿಲ್ಲ. ನಾನು ಹಾಸಿಗೆಯ ಮೇಲೆ ಕುಳಿತಿದ್ದರೆ, ಯಾರಾದರೂ ಪಕ್ಕದಲ್ಲಿದ್ದರೆ, ತೊಡೆಯ ಮೇಲೆ ಇಟ್ಟು ಒಂದು ಕೈ ತಾವೂ ಹಿಡಿದಿರುತ್ತಿದ್ದರು. ಕಡ ತಂದ ಪಾತ್ರೆಯ ಹಾಗೆ. ನನ್ನ ಸಂಕಟ ಇಷ್ಟೇ ಆಗಿತ್ತು: ಈ ಚಕ್ಕರ್ ಹೋಗಬೇಕು, ಕೂಸು ಕಾಲ ಮೇಲೆ ಹಿಡಿಸುವಷ್ಟು ಸಣ್ಣದಿರುವಾಗಲೇ ಹೋಗಬೇಕು. ಕೂಸುಗಳು ಯಾರಿಗೂ ಕಾಯುವುದಿಲ್ಲ.

“ನನ್ನನ್ನ ಯಾದಗಿರಿ ದವಾಖಾನಿಗಿ ಕರಕೊಂಡು ಹೋಗ್ರಿ, ಇಲ್ಲಾಂದ್ರ ನಾನೇ ಹೋಗ್ತೀನಿ,” ಎಂದು ಯಜಮಾನರಿಗೆ ಹೇಳಿದೆ. ಒಬ್ಬಳೇ ಹೋಗಲಿಕ್ಕೆ ನನಗೆ ಓಣಿ ದಾಟುವ ಧೈರ್ಯವಿರಲಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಭೀಮೆಯ ಸೇತುವೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲರೂ ನೋಡುತ್ತಿರುವಾಗಲೇ ಅವರು ನನ್ನ ಭುಜ ಹಿಡಿದರು. ಮದುವೆಯಾದಾಗಿನಿಂದ ನಾಲ್ಕು ಜನರ ಮುಂದೆ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಮೂಸಿ ನೋಡಿದ್ದರ ಜೊತೆ ಇದನ್ನೂ ಬರೆಯುವುದು ನ್ಯಾಯ.

ದವಾಖಾನೆಯ ಪಡಸಾಲೆಯಲ್ಲಿ ಒಂದೇ ಬೆಂಚು. ಕೆಮ್ಮುವವರು, ಕಟ್ಟು ಕಟ್ಟಿಕೊಂಡವರು, ಅಳುವ ಮಕ್ಕಳು. ಮೂಲೆಯಲ್ಲಿ ಇಬ್ಬರು ಗಂಡಸರು ನಾವು ಮೈಸೂರು ಸೇರುತ್ತೇವೋ ಇಲ್ಲವೋ ಎಂದು ಜಗಳಾಡುತ್ತಿದ್ದರು. ಯಜಮಾನರ ಕಿವಿ ನೆಟ್ಟಗಾಗಿ ಅವರು ಮೆಲ್ಲಗೆ ಅತ್ತ ಸರಿದರು. ನನ್ನ ಪಕ್ಕದಲ್ಲಿ ಬಳಿಚಕ್ರ ಎಂಬ ಹಳ್ಳಿಯಿಂದ ಬಂದ ಒಬ್ಬ ಮುದುಕಿ ಕುಳಿತಿದ್ದಳು. ಕುರಿ ಸಾಕುವ ಮನೆಯವಳು, ಮೈಮೇಲೆ ಕಂಬಳಿ, ಒಂದು ಕಣ್ಣಿಗೆ ಪೊರೆ. ನಿನಗೇನಾಗಿದೆ ಎಂದು ಅವಳು ಕೇಳಲಿಲ್ಲ. ಕೇಳದ ಮನುಷ್ಯರನ್ನು ನೋಡಿ ಬಹಳ ದಿನವಾಗಿತ್ತು.

ಬಿಸಿಲೇರಿ ಬಾಯಾರಿತು. ಕಂಪೌಂಡರ್ ಒಂದು ಗಾಜಿನ ಗಿಲಾಸಿನಲ್ಲಿ ನೀರು ತಂದುಕೊಟ್ಟ. ನಾನು ಪದ್ಧತಿಯಂತೆ ಕತ್ತೆತ್ತಿ ಧಾರೆ ಬಿಟ್ಟೆ. ಅಷ್ಟೇ. ಗಿಲಾಸು ಒಡೆಯಿತು, ನಾನು ಆ ಮುದುಕಿಯ ಮಡಿಲಲ್ಲಿ ಬಿದ್ದಿದ್ದೆ. ಜನ ಎದ್ದು ನಿಂತರು. ಮುದುಕಿ ಮಾತ್ರ ಕದಲದೆ ನನ್ನ ತಲೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಅಂದಳು, “ಕಣ್ಣು ಮುಚ್ಚು ಯವ್ವಾ. ತಿರುಗೋದು ತಿರುಗಿ ನಿಂದರ್ತದ.”

ತಿರುಗುತ್ತಿಲ್ಲ ಎಂದು ಹೇಳದೆ ಇದ್ದವಳು ಆ ಇಡೀ ವರ್ಷದಲ್ಲಿ ಅವಳೊಬ್ಬಳೇ. ಕಂಬಳಿಯ ಕುರಿ ವಾಸನೆ ನನಗೆ ಈಗಲೂ ನೆನಪಿದೆ. ನಾನು ಅಲ್ಲೇ ಅತ್ತುಬಿಟ್ಟೆ.

ಗದ್ದಲ ಕೇಳಿ ಡಾಕ್ಟರ್ ಸಾಹೇಬರು ಹೊರಗೆ ಬಂದರು. ಹೈದರಾಬಾದಿನಲ್ಲಿ ಓದಿದವರು, ಮುಸಲ್ಮಾನರು, ನರೆತ ಗಡ್ಡ. ಅವರ ಕನ್ನಡ ಅರ್ಧ ಉರ್ದು, ನನ್ನ ಉರ್ದು ಪೂರಾ ಕನ್ನಡ. ನನ್ನನ್ನು ಒಳಗೆ ಕರೆದು ಕೂರಿಸಿ, ಬಹಳ ಹೊತ್ತು ಕಣ್ಣು ನೋಡಿದರು. ಮಲಗಿಸಿದರು, ಕತ್ತು ಹೊರಳಿಸಿದರು, ಮತ್ತೆ ಮನೆ ತಿರುಗಿತು, ಅವರು ಮಾತ್ರ ನನ್ನ ಕಣ್ಣುಗಳನ್ನೇ ನೋಡುತ್ತ ಕುಳಿತರು. ಆಮೇಲೆ ಇನ್ನೊಂದು ಗಿಲಾಸು ನೀರು ತರಿಸಿದರು.

“ಅಮ್ಮಾ, ಈ ಸಲ ಗಿಲಾಸ್ ತುಟಿಗಿ ಹಚ್ಚಿ ಕುಡೀರಿ. ತಲಿ ಮ್ಯಾಲ ಎತ್ತಬ್ಯಾಡ್ರಿ.”

“ಆಗಂಗಿಲ್ರಿ ಸಾಹೇಬ್ರ. ನಮ್ಮಲ್ಲಿ ಕಚ್ಚಿ ಕುಡಿಯಂಗಿಲ್ಲ.”

“ಚಕ್ಕರ್ ಬೇಕೇನು?”

ಯಜಮಾನರ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಅದು ಯಾರ ಯಾರ ಬಾಯಿ ಮುಟ್ಟಿದ ಗಿಲಾಸೋ. ಕಣ್ಣು ಮುಚ್ಚಿ ತುಟಿಗೆ ಹಚ್ಚಿದೆ. ಗಾಜು ತಣ್ಣಗಿತ್ತು. ಒಂದು ಗುಟುಕು, ಎರಡು, ಪೂರ್ತಿ ಗಿಲಾಸು. ಗೋಡೆ ನಿಂತಲ್ಲೇ ನಿಂತಿತ್ತು.

ದೋಷ ಕಿವಿಯ ಒಳಗಿದೆ, ವಯಸ್ಸಾದವರಿಗೆ ಆಗುತ್ತದೆ, ಇದರಿಂದ ಯಾರೂ ಸಾಯುವುದಿಲ್ಲ ಎಂದರು ಅವರು. ಕತ್ತೆತ್ತಬೇಡಿ, ಥಟ್ಟನೆ ಹೊರಳಬೇಡಿ, ಎತ್ತರದ ದಿಂಬು ಹಾಕಿಕೊಳ್ಳಿ. ಗುಳಿಗೆಗಿಂತ ಕಸರತ್ತು ದೊಡ್ಡದು ಎಂದು ತಾವೇ ಮಾಡಿ ತೋರಿಸಿದರು. ಕಣ್ಣು ಮೇಲೆ ಕೆಳಗೆ ಆಡಿಸುವುದು, ತಲೆಯನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸುವುದು, ಒಂದು ನಿಂಬೆಹಣ್ಣನ್ನು ಕಣ್ಣಿನ ಮಟ್ಟದಲ್ಲಿ ಈ ಕೈಯಿಂದ ಆ ಕೈಗೆ ಎಸೆದು ನೋಟದಲ್ಲೇ ಹಿಡಿಯುವುದು. “ದಿನಾ ಮಾಡ್ರಿ. ಬಿಡಬ್ಯಾಡ್ರಿ.”

ನೇಮ ಬಿಡಬೇಡ ಎಂದು ನನಗೆ ಹೇಳಬೇಕೇ? ಹೊರಗೆ ಬಂದು ಆ ಮುದುಕಿಯನ್ನು ಹುಡುಕಿದೆ, ಅವಳನ್ನು ಕಣ್ಣಿನ ಕೋಣೆಗೆ ಕರೆದೊಯ್ದಿದ್ದರು. ಬಸ್ಸಿನಲ್ಲಿ ಮೊದಲು ಸಂತೋಷವಾಯಿತು, ಭೀಮೆ ದಾಟುವಷ್ಟರಲ್ಲಿ ಸಿಟ್ಟು ಬಂತು. ವರ್ಷಪೂರ್ತಿ ನಾನು ಆರೋಗ್ಯವೆಂದು ಕುಡಿದದ್ದೇ ನನ್ನನ್ನು ಬೀಳಿಸುತ್ತಿತ್ತು. ನೀರಿನ ತಪ್ಪಿರಲಿಲ್ಲ. ಅದನ್ನು ಕುಡಿಯುವ ರೀತಿ ನನ್ನನ್ನು ಕೆಡವುತ್ತಿತ್ತು, ಆ ರೀತಿಯನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಎಲ್ಲರೂ ಹಾಗೆಯೇ ಕುಡಿಯುತ್ತಾರೆ. ಆದರೂ ಊರು ಹತ್ತಿರ ಬಂದಂತೆ ಸಿಟ್ಟು ಇಳಿಯಿತು. ಪಾರಿಗೆ ಇನ್ನೂ ಮೂರು ತಿಂಗಳಾಗಿರಲಿಲ್ಲ. ನಾಳೆಯಿಂದ ನಾನೇ ಎರೆಯುತ್ತೇನೆ ಎಂದುಕೊಂಡೆ.

ಮನೆಗೆ ಬಂದು ಎಲ್ಲ ಹೇಳಿದೆ. ನೀಲಮ್ಮ ಕೇಳಿಸಿಕೊಂಡಳು. ನಾನು ಅಡುಗೆಮನೆಯ ಗಿಲಾಸು ತೆಗೆದು ನೀರು ತುಂಬಿ ತುಟಿಗೆ ಹಚ್ಚಿ ಕುಡಿದು ತೋರಿಸಿದೆ. ಅವಳು ಮುಖ ಕಿವುಚಿದಳು. ಕುಡಿದಾದ ಮೇಲೆ ಆ ಗಿಲಾಸನ್ನು ಸೆರಗಿನ ತುದಿಯಿಂದ ಹಿಡಿದು ಎತ್ತಿಕೊಂಡಳು.

“ಕಚ್ಚಿದ ಗಿಲಾಸು ಇಲ್ಲಿ ಬ್ಯಾಡ್ರಿ ಅತ್ತಿ. ದೇವರ ಮನಿ ಬಾಜೂಕ ಅದ. ನಿಮಗ ಬ್ಯಾರೆ ಇಟ್ಟುಬಿಡ್ತೀನಿ.”

ಪಡಸಾಲೆಯಾಚೆ ಗೋಡೆಯಲ್ಲಿ ಒಂದು ಗೂಡಿದೆ, ಹಿಂದೆ ಚಿಮಣಿ ದೀಪ ಇಡುತ್ತಿದ್ದೆವು. ನನ್ನ ಗಿಲಾಸು ಅಲ್ಲಿಗೆ ಹೋಯಿತು. ಹೊಟೇಲುಗಳಲ್ಲಿ ಕೆಲವರಿಗೆಂದು ಕಪ್ಪುಗಳನ್ನು ಹೊರಗೆ ಬೇರೆ ಇಡುತ್ತಾರಲ್ಲ, ಹಾಗೆ. ಅದಕ್ಕೆ ನೀರನ್ನೂ ನಾನು ತೆಗೆದುಕೊಳ್ಳುವಂತಿಲ್ಲ, ಯಾರಾದರೂ ಬಂದು ಮೇಲಿನಿಂದ ಹೊಯ್ಯಬೇಕು. ಇದೇ ಜನ ಸಂಜೆ ಬಸಿಯಲ್ಲಿ ಚಹಾ ಸುರಿದುಕೊಂಡು ಸೊರ್ರನೆ ಕಚ್ಚಿ ಕುಡಿಯುತ್ತಾರೆ. ಅದಕ್ಕೆ ಎಂಜಲಿಲ್ಲ. ನಾನು ಕೇಳಿದೆ. ಯಜಮಾನರು, “ಒಂದು ಗಿಲಾಸಿಂದು ಏನ್ ದೊಡ್ಡ ಮಾತು, ಬಿಡು,” ಎಂದು ಟೊಪ್ಪಿಗೆ ಹಾಕಿಕೊಂಡು ಏಕೀಕರಣದ ಸಭೆಗೆ ಹೋದರು. ನಾಡೆಲ್ಲ ಒಂದಾಗುತ್ತಿತ್ತು, ನನ್ನ ಗಿಲಾಸು ಮಾತ್ರ ಬೇರೆಯಾಗಿತ್ತು.

ಕಸರತ್ತು ಬಿಡಲಿಲ್ಲ. ಮುಂಜಾನೆ ಅಂಗಳದಲ್ಲಿ ಕುಳಿತು ನಿಂಬೆಹಣ್ಣನ್ನು ಕೈಯಿಂದ ಕೈಗೆ ಎಸೆಯುತ್ತ ಕಣ್ಣು ಆಡಿಸುತ್ತಿದ್ದೆ. ಮೊದಮೊದಲು ಹೊಟ್ಟೆ ತೊಳೆಸುತ್ತಿತ್ತು, ದಿನ ಕಳೆದಂತೆ ಕಡಿಮೆಯಾಯಿತು. ಕೆರೆಯ ಏರಿಗೆ ಗೋಡೆ ಮುಟ್ಟದೆ ಹೋಗಿಬಂದೆ. ಇನ್ನು ಕೂಸನ್ನು ಕೇಳಬಹುದು ಎಂದುಕೊಂಡೆ. ಆದರೆ ಶಾಂತವ್ವ ಗೋಡೆಯ ಮೇಲಿಂದ ಅಷ್ಟೂ ದಿನ ನೋಡುತ್ತಿದ್ದಳು. ಬಾಣಂತಿ ಇರುವ ಮನೆಯಲ್ಲಿ, ಸೂರ್ಯ ಹುಟ್ಟುವ ಮೊದಲು, ಒಬ್ಬ ಮುದುಕಿ ನಿಂಬೆಹಣ್ಣು ಹಿಡಿದು ಕಣ್ಣು ತಿರುಗಿಸುತ್ತಾಳೆ ಎಂದರೆ ನಮ್ಮ ಕಡೆ ಅದಕ್ಕೆ ಒಂದೇ ಹೆಸರು, ಮಾಟ. ಓಣಿಗೆ ಸುದ್ದಿ ಹೋಯಿತು, ಸುರಪುರಕ್ಕೂ ಮುಟ್ಟಿತು. ನೀಲಮ್ಮನ ಅಣ್ಣ ಗಾಡಿ ಕಟ್ಟಿಕೊಂಡು ಬಂದ. ತಂಗಿಗೆ ಹವಾ ಬದಲಾಗಲಿ ಎಂದ. ನನ್ನ ಕಾಲಿಗೆ ನಮಸ್ಕಾರ ಮಾಡಿ, ತಾಯಿ ಮಗುವನ್ನು ಕರೆದುಕೊಂಡು ಹೋದ.

ನಾನು ನಿಂಬೆಹಣ್ಣು ಬಿಟ್ಟು ಹಳೆಯ ಅರಿವೆ ಸುತ್ತಿ ಚೆಂಡು ಮಾಡಿಕೊಂಡೆ. ಆದದ್ದು ಆಗಿತ್ತು. ಸುರಪುರದಲ್ಲಿ ದಿನ ಕಳೆದವು, ತಿಂಗಳುಗಳು ಕಳೆದವು. ಅವರು ತಿರುಗಿ ಬಂದಾಗ ಪಾರಿ ತನ್ನಷ್ಟಕ್ಕೆ ತಾನು ಕುಳಿತುಕೊಳ್ಳುತ್ತಿದ್ದಳು. ಮಣೆಯ ಮೇಲೆ ಕೂರಿಸಿ ನೀರು ಹಾಕುವ ಕೂಸಿಗೆ ಕಾಲು ಚಾಚುವವಳು ಬೇಕಿಲ್ಲ.

ಆ ದಿನ ನಾನು ನೀಲಮ್ಮನನ್ನು ತಡೆದು ನಿಲ್ಲಿಸಿ ಕೇಳಿದೆ. “ನೀನೇ ಅಂದಿದ್ದಿ, ಅತ್ತಿ ನೀವೇ ಎರೀಬೇಕಂತ. ಏನ್ ಮಾಡೀನಿ ನಾ ನಿನ್ನ ಕೂಸಿಗಿ?”

ಅವಳು ಪಾರಿಯನ್ನು ಕಂಕುಳಿಗೆ ಏರಿಸಿಕೊಂಡಳು. ಕಣ್ಣಲ್ಲಿ ನೀರಿತ್ತು. “ಏನೂ ಮಾಡಿಲ್ರಿ. ನಿಮ್ಮ ಮ್ಯಾಲ ಸಿಟ್ಟೂ ಇಲ್ಲ. ನನಗ ಹೆದ್ರಿಕಿ. ನಿಮ್ಮ ಚಕ್ಕರ್‌ಗಿ ಸಾಹೇಬ್ರು ಔಷಧ ಕೊಟ್ರು. ನನ್ನ ಹೆದ್ರಿಕಿಗಿ ಯಾರು ಕೊಡ್ತಾರ್ರಿ?”

ಅವಳು ಹೇಳಿದ್ದು ನಿಜ ಎಂದು ನನಗೆ ಗೊತ್ತು. ಗೊತ್ತಿದ್ದೂ ನಾನು ಅವಳನ್ನು ಕ್ಷಮಿಸಿಲ್ಲ. ರೋಗ ಬಂದವರು ದೇವತೆಗಳಾಗುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಮೊದಲಿಗಿಂತ ಕೆಟ್ಟವಳಾಗಿದ್ದೇನೆ, ಸಣ್ಣ ಸಣ್ಣ ಮಾತುಗಳನ್ನು ಗಂಟು ಕಟ್ಟಿ ಇಟ್ಟುಕೊಳ್ಳುತ್ತೇನೆ.

ನೇಮ ನಡೆದಿದೆ. ಎದ್ದ ಕೂಡಲೇ ನಿಲ್ಲುವುದಿಲ್ಲ, ಹಾಸಿಗೆಯ ಅಂಚಿನಲ್ಲಿ ಕುಳಿತು ಮನೆ ತನ್ನ ಜಾಗದಲ್ಲಿದೆಯೇ ಎಂದು ನೋಡುತ್ತೇನೆ. ನೀರು ಕುಡಿಯುತ್ತೇನೆ, ತುಟಿಗೆ ಹಚ್ಚಿ. ಚೆಂಡು ಎಸೆಯುತ್ತೇನೆ. ನಡೆಯುತ್ತೇನೆ, ಆದರೆ ಹಕ್ಕಿ ಕೂಗಿದರೆ ಕತ್ತೆತ್ತುವುದಿಲ್ಲ, ಯಾವ ಹಕ್ಕಿಯೆಂದು ಧ್ವನಿಯಿಂದಲೇ ತಿಳಿದುಕೊಳ್ಳುತ್ತೇನೆ. ನೆಲುವಿನ ಬೆಣ್ಣೆಯನ್ನು ಬೇರೆಯವರು ಇಳಿಸುತ್ತಾರೆ. ಒಮ್ಮೊಮ್ಮೆ ಏನೂ ತಪ್ಪು ಮಾಡದಿದ್ದರೂ ಚಕ್ಕರ್ ಬರುತ್ತದೆ. ಆಗ ಕುಳಿತಲ್ಲೇ ಕಣ್ಣು ಮುಚ್ಚಿ, ತಿರುಗೋದು ತಿರುಗಿ ನಿಂದರ್ತದ ಎಂದುಕೊಳ್ಳುತ್ತೇನೆ. ಓಣಿಯ ಆ ಇಬ್ಬರಿಗೂ ಇದನ್ನೇ ಹೇಳಿದ್ದೇನೆ. ಅವರು ಕಸರತ್ತು ಕಲಿತರು. ಬಾಯಿ ಹಚ್ಚಿ ಕುಡಿಯಲು ಮಾತ್ರ ಒಪ್ಪಲಿಲ್ಲ. ನನ್ನ ಗೂಡನ್ನು ಅವರು ನೋಡಿದ್ದಾರೆ.

ನಾವು ಮೈಸೂರಿಗೆ ಸೇರಿದ ದಿನ ಯಜಮಾನರು ಅಂಗಡಿಗೆ ತೋರಣ ಕಟ್ಟಿಸಿ, ಓಣಿಗೆಲ್ಲ ಪೇಡೆ ಹಂಚಿ ಮನೆಗೆ ಬಂದರು. ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದೆವು. ಪಾರಿ ಆಗ ಮನೆತುಂಬ ಓಡಾಡುತ್ತಿದ್ದಳು. ಯಾರೂ ಇಲ್ಲದಾಗ ಗೂಡಿನ ಹತ್ತಿರ ಬಂದು ನನ್ನ ಗಿಲಾಸಿನಿಂದ ನನ್ನ ಹಾಗೆಯೇ ನೀರು ಕುಡಿಯುವುದು ಅವಳಿಗೆ ರೂಢಿಯಾಗಿತ್ತು. ಅದು ನಮ್ಮಿಬ್ಬರ ಗುಟ್ಟು. ಅಂದು ಪೇಡೆ ತಿಂದು ಬಾಯಾರಿ, ಎಲ್ಲರ ಮುಂದೆಯೇ ನೆಟ್ಟಗೆ ನನ್ನ ಬಳಿ ಬಂದು, ಪಕ್ಕದಲ್ಲಿದ್ದ ಗಿಲಾಸನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗೆ ಹಚ್ಚಿದಳು.

“ಛೀ, ಎಂಜಲ ಅದು,” ಎಂದು ನೀಲಮ್ಮ ಎದ್ದು ಬಂದು ಗಿಲಾಸು ಕಸಿದುಕೊಂಡಳು. ಒಳಗಿನಿಂದ ಸಣ್ಣ ಬೆಳ್ಳಿ ತಂಬಿಗೆ ತಂದು ಮಗುವಿನ ಕೈಗೆ ಕೊಟ್ಟಳು. “ಎತ್ತಿ ಕುಡಿ ಪಾರಿ. ಮುತ್ಯಾ ಹ್ಯಾಂಗ ಕುಡೀತಾನ, ತೋರ್ಸು.”

ಪಾರಿ ನನ್ನ ಕಡೆ ನೋಡಿದಳು. ಬಾಯಿ ಹಚ್ಚಿ ಕುಡಿ ಕೂಸೇ ಎಂದು ಹೇಳಬೇಕೆಂದು ನನ್ನ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಆ ಕೂಸಿನ ಗಿಲಾಸೂ ಗೂಡಿಗೆ ಬರುವುದು ನನಗೆ ಬೇಡವಾಗಿತ್ತು. ಅವಳು ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ತಂಬಿಗೆ ಮೇಲೆತ್ತಿದಳು. ನೀರು ಬಾಯಿ, ಮೂಗು, ಕಣ್ಣು ಎಲ್ಲದರ ಮೇಲೂ ಬಿತ್ತು. ಉಸಿರು ಕಟ್ಟಿ ಕೆಮ್ಮಿದಳು. “ಕಲ್ತಳು, ಕಲ್ತಳು,” ಎಂದು ಯಜಮಾನರು, ಅವಳ ಮುತ್ಯಾ, ನಕ್ಕರು. ಮಲ್ಲಣ್ಣ ಚಪ್ಪಾಳೆ ತಟ್ಟಿದ, ನೀಲಮ್ಮನೂ ತಟ್ಟಿದಳು.

ಕೂಸು ಅಳುತ್ತ ನನ್ನ ಮಡಿಲಿಗೆ ಬಂದಿತು. ನಾನು ಅದರ ಹಣೆಗೆ ಅಂಗೈ ಅಡ್ಡ ಇಟ್ಟು, ಸೆರಗಿನಿಂದ ಮುಖದ ಮೇಲಿನ ನೀರನ್ನು ಒರೆಸಿದೆ. ಹುಟ್ಟಿದಾಗಿನಿಂದ ಆ ಕೂಸಿನ ಮೈ ಮುಟ್ಟಿ ನಾನು ಮಾಡಿದ ನೀರಿನ ಕೆಲಸ ಅದೊಂದೇ. ಅಂದು ಯಾರೂ ಬೇಡ ಅನ್ನಲಿಲ್ಲ, ಎಲ್ಲರ ಕೈಗಳೂ ಚಪ್ಪಾಳೆಯಲ್ಲಿದ್ದವು.